ಸಾವಿರದ ನಾನೂರ ಅರವತ್ತೆರಡು ದಿನ

ಸಾತಪುರದ ಕಾರ್ಖಾನೆಯಿಂದ ಬಂದ ಕಡತವನ್ನು ತೆರೆದ ದಿನವೇ ನನಗೆ ಸಿಟ್ಟು ನೆತ್ತಿಗೇರಿತ್ತು. ಕೆಲಸಕ್ಕೆ ಸೇರಿದ ದಿನಾಂಕದ ಕಾಲಮ್ಮಿನಲ್ಲಿ ಅರ್ಧ ದಿನಾಂಕಗಳು ಎಡಕ್ಕೆ ಆತುಕೊಂಡಿದ್ದವು, ಅರ್ಧ ಬಲಕ್ಕೆ. ಸ್ಪ್ರೆಡ್‌ಶೀಟ್ ಬಳಸುವವರಿಗೆ ಇದು ಗೊತ್ತು: ಬಲಕ್ಕೆ ನಿಂತಿದ್ದನ್ನು ಯಂತ್ರ ದಿನಾಂಕವೆಂದು ಒಪ್ಪಿಕೊಂಡಿದೆ, ಎಡಕ್ಕೆ ನಿಂತಿದ್ದು ಅದರ ಪಾಲಿಗೆ ಬರೀ ಅಕ್ಷರ. ಅಲ್ಲಿನ ಕಂಪ್ಯೂಟರು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಓದುತ್ತಿತ್ತು. ಹೀಗಾಗಿ ಜುಲೈ ಮೂರು ಸದ್ದಿಲ್ಲದೆ ಮಾರ್ಚ್ ಏಳಾಗಿತ್ತು. ಜುಲೈ ಇಪ್ಪತ್ತು ಮಾತ್ರ, ಇಪ್ಪತ್ತನೆಯ ತಿಂಗಳು ಇಲ್ಲದ ಕಾರಣ, ಅಕ್ಷರವಾಗಿ ಉಳಿದು ಬಚಾವಾಗಿತ್ತು. ಕೆಟ್ಟವು ಸರಿಯಾಗಿ ಕಾಣುತ್ತಿದ್ದವು, ಸರಿಯಿದ್ದವು ಕೆಟ್ಟಂತೆ ಕಾಣುತ್ತಿದ್ದವು.

ನಮ್ಮದು ನಾಸಿಕದಲ್ಲಿರುವ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿ. ದುಡಿಯುವ ಜಾಗದಿಂದ ಬರುವ ಕಾಯಿಲೆಗಳ ಅಧ್ಯಯನ ಅದರ ಕೆಲಸ, ಅದರ ಅಂಕಿಸಂಖ್ಯೆ ನನ್ನ ಕೆಲಸ. ಆ ವರ್ಷ ಎತ್ತಿಕೊಂಡಿದ್ದು ಎರಕದ ಕಾರ್ಖಾನೆ. ಒಂದೇ ಕಂಪನಿ, ಎರಡು ಘಟಕ: ಒಂದು ನಮ್ಮ ಸಾತಪುರದಲ್ಲಿ, ಇನ್ನೊಂದು ಛತ್ರಪತಿ ಸಂಭಾಜಿನಗರದ ಹೊರಗೆ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿಯುತ್ತಾರೆ. ಆರಿದ ಮೇಲೆ ಅಂಟಿದ ಮರಳನ್ನು ಕೆತ್ತಿ, ಉಜ್ಜಿ ತೆಗೆಯುತ್ತಾರೆ. ಆ ಕೆಲಸಕ್ಕೆ ಫೆಟ್ಲಿಂಗ್ ಎನ್ನುತ್ತಾರೆ. ಆಗ ಏಳುವ ಧೂಳು ಕಣ್ಣಿಗೆ ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು. ಕಾಣದ ಧೂಳು ಎದೆಯೊಳಗೆ ಹೋಗಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ, ಶ್ವಾಸಕೋಶ ಸ್ವಲ್ಪಸ್ವಲ್ಪವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಔಷಧಿಯಿಲ್ಲ. ಬೇಗ ಕಂಡುಹಿಡಿದು ಆ ಮನುಷ್ಯನನ್ನು ಧೂಳಿನಿಂದ ಎಬ್ಬಿಸಿ ಬೇರೆ ಕಡೆ ಹಾಕುವುದೊಂದೇ ದಾರಿ.

ಆದ್ದರಿಂದ ನಮ್ಮ ಪ್ರಶ್ನೆ ಒಂದೇ ಆಗಿತ್ತು. ಫೆಟ್ಲಿಂಗಿಗೆ ಸೇರಿದ ಎಷ್ಟು ವರ್ಷಕ್ಕೆ ಎಕ್ಸ್‌ರೇಯಲ್ಲಿ ಮೊದಲ ಕಲೆ ಕಾಣಿಸುತ್ತದೆ? ಉತ್ತರಕ್ಕೆ ಪ್ರತಿಯೊಬ್ಬನಿಗೂ ಎರಡು ದಿನಾಂಕ ಬೇಕು, ಸೇರಿದ್ದು ಮತ್ತು ಎಕ್ಸ್‌ರೇ ತೆಗೆದದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ಮುಗಿಯಿತು. ಎಕ್ಸ್‌ರೇ ದಿನಾಂಕ ನಮ್ಮವರೇ ಬರೆದದ್ದು. ಸೇರಿದ ದಿನಾಂಕ ಕಾರ್ಖಾನೆ ಕೊಡಬೇಕು.

ಸಾತಪುರದ ದಿನಾಂಕಗಳನ್ನು ಕಾರ್ಖಾನೆಯಲ್ಲೇ ಕೂತು ಕಾಗದದ ರಿಜಿಸ್ಟರಿನ ಜೊತೆ ಒಂದೊಂದಾಗಿ ಹೊಂದಿಸಿ ಸರಿಮಾಡಲು ಮೂರು ವಾರ ಹಿಡಿಯಿತು. ಪಾಳಿ ಬಿಟ್ಟು ಮೋಟರ್‌ಸೈಕಲ್ಲುಗಳು ಗೇಟಿನಿಂದ ಒಮ್ಮೆಗೇ ನುಗ್ಗುವ ಹೊತ್ತಿಗೆ ನಾನೂ ಎದ್ದು ಬರುತ್ತಿದ್ದೆ, ಕಣ್ಣು ಉರಿಯುತ್ತಿತ್ತು. ಅದೇ ಸಿಟ್ಟಿನಲ್ಲಿ ಸಂಭಾಜಿನಗರದ ಘಟಕಕ್ಕೆ ಒಂದು ಸೂಚನೆ ಬರೆದೆ: ದಿನಾಂಕದ ರೂಪದಲ್ಲಿ ಏನನ್ನೂ ಕಳಿಸಬೇಡಿ, ದಿನಾಂಕದ ಹಿಂದಿರುವ ಸಂಖ್ಯೆಯನ್ನೇ ಕಳಿಸಿ. ಸ್ಪ್ರೆಡ್‌ಶೀಟು ದಿನಾಂಕವನ್ನು ಒಳಗೊಳಗೇ ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. ಒಂದು ಮೂಲದಿನದಿಂದ ಇವತ್ತಿಗೆ ಎಷ್ಟನೆಯ ದಿನ ಎಂಬ ಎಣಿಕೆ ಅದು. ಸಂಖ್ಯೆಗೆ ತಿಂಗಳೂ ಇಲ್ಲ, ವಾರವೂ ಇಲ್ಲ, ಅಮೆರಿಕವೂ ಇಲ್ಲ. ಅದು ಹಿಂದುಮುಂದಾಗಲು ಸಾಧ್ಯವೇ ಇಲ್ಲ. ಈ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಭಾಜಿನಗರದ ಘಟಕದಲ್ಲಿ ಸಿಬ್ಬಂದಿ ವಿಭಾಗದ ಗುಮಾಸ್ತರು ಸಿಕ್ಕಿದ್ದು ನನ್ನ ಪುಣ್ಯ ಎಂದೇ ಆಗ ಅನ್ನಿಸಿತ್ತು. ಹುಮನಾಬಾದಿನ ಕಡೆಯವರು. ನಾನು ಕಲಬುರಗಿಯವಳು. ಎಂಟು ವರ್ಷದಿಂದ ಮನೆಯ ಹೊರಗೆ ಮರಾಠಿ, ಹಿಂದಿ ಬಿಟ್ಟರೆ ಬೇರೆ ಮಾತಿಲ್ಲದ ನನಗೆ ಅವರ ಮೊದಲ ಮಾತೇ ಕಿವಿಗೆ ತುಪ್ಪ ಹೊಯ್ದಂತಾಯಿತು.

"ನೀವು ಕಲಬುರ್ಗಿಯವರಂತ ನಿಮ್ಮ ಅಡ್ಡಹೆಸರು ನೋಡೇ ಗೊತ್ತಾಯ್ತ್ರಿ ಅಕ್ಕಾರ. ಬರ್ರಿ, ಕುಂದರ್ರಿ. ಮದ್ಲ ಊಟ, ಆಮ್ಯಾಲ ಕೆಲ್ಸ."

ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ತಂಗಿ ಕಟ್ಟಿಕೊಟ್ಟದ್ದಂತೆ. ತಂಗಿಯ ಗಂಡನನ್ನೂ ಇವರೇ ಊರಿನಿಂದ ಕರೆಸಿ ಇದೇ ಘಟಕಕ್ಕೆ ಸೇರಿಸಿದ್ದರು, ಅವನು ಫೆಟ್ಲಿಂಗಿನಲ್ಲೇ ಇದ್ದ. ರೊಟ್ಟಿ ಮುರಿಯುತ್ತ ಹುಮನಾಬಾದ್, ಕಲಬುರಗಿ, ಯಾರ ಮನೆ ಯಾವ ಓಣಿ ಎಂದು ಮಾತು ಎಲ್ಲೆಲ್ಲೋ ಹೋಯಿತು. ನಡುವೆ ಅವರು ಪರದೆಯ ಮೇಲೆ ತಮ್ಮ ಕಡತವನ್ನು ತೋರಿಸಿದರು. ದಿನಾಂಕಗಳು ಅಚ್ಚುಕಟ್ಟಾಗಿದ್ದವು, ಎಲ್ಲವೂ ಬಲಕ್ಕೆ.

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಹೊರಗಿನಿಂದ ಬಂದ ಯಾವ ಕಡತವನ್ನಾದರೂ ನಮ್ಮ ತಂತ್ರಾಂಶಕ್ಕೆ ತುಂಬಿದ ಮೇಲೆ ಅದರಿಂದ ಹತ್ತು ಸಾಲು ಆರಿಸಿ, ಮೂಲ ರಿಜಿಸ್ಟರಿನ ಜೊತೆ ಹೊಂದಿಸಿ, ಹಾಳೆಯ ಮೇಲೆ ಸಹಿ ಹಾಕಬೇಕು. ತುಂಬಿದ ಮೇಲೆ ಎನ್ನುವುದೇ ಅದರ ಜೀವ. ಆ ನಿಯಮದ ಮಾತೆತ್ತಿದಾಗ ಗುಮಾಸ್ತರು ನಕ್ಕರು.

"ಹತ್ತಲ್ರಿ, ಐವತ್ತು ಸಾಲು ನಾನೇ ರಜಿಸ್ಟರ್ ಹಿಡಕೊಂಡು ನೋಡಿನ್ರಿ ಅಕ್ಕಾರ. ಎಲ್ಲಾ ಬರೋಬ್ಬರಿ ಅದ. ನೀವ್ ಹೇಳ್ದಂಗ ನಂಬರ್ ಮಾಡಿ ಮೇಲ್ ಹಾಕ್ತೀನಿ."

ಅವರು ಸುಳ್ಳು ಹೇಳಲಿಲ್ಲ. ಐವತ್ತು ಸಾಲು ನೋಡಿದ್ದರು, ಎಲ್ಲವೂ ಸರಿಯಿದ್ದವು. ಬೇರೆ ಊರಿನ, ಬೇರೆ ಮಾತಿನ ಗುಮಾಸ್ತನಾಗಿದ್ದರೆ ನಾನು ರಿಜಿಸ್ಟರಿನ ಹತ್ತು ಪುಟದ ಫೋಟೋ ತೆಗೆದುಕೊಂಡೇ ಏಳುತ್ತಿದ್ದೆ. ನಮ್ಮವರಲ್ಲವೇ ಎಂದುಕೊಂಡೆ. ಅವರ ಎದುರಿಗೆ ರಿಜಿಸ್ಟರ್ ಕೇಳಿದರೆ ಉಂಡ ರೊಟ್ಟಿಗೆ ಅವಮಾನ ಮಾಡಿದಂತೆ ಅನ್ನಿಸಿತು. ನಾಸಿಕಕ್ಕೆ ಬಂದು ಹಾಳೆಯಲ್ಲಿ 'ಹೊಂದಿಸಿ ನೋಡಲಾಗಿದೆ' ಎಂಬಲ್ಲಿ ಸಹಿ ಹಾಕಿದೆ.

ಕಡತ ಬಂತು. ಸೇರಿದ ದಿನಾಂಕದ ಕಾಲಮ್ಮಿನಲ್ಲಿ ಐದಂಕಿಯ ಸಂಖ್ಯೆಗಳ ಸಾಲು, ನಾನು ಕೇಳಿದಂತೆಯೇ. ಇವನ್ನು ದಿನಾಂಕವಾಗಿಸಲು ತಂತ್ರಾಂಶಕ್ಕೆ ಮೂಲದಿನ ಯಾವುದೆಂದು ಹೇಳಬೇಕು. ಅಲ್ಲೊಂದು ಹಳೆಯ ತಮಾಷೆಯಿದೆ. ಸ್ಪ್ರೆಡ್‌ಶೀಟಿನ ಎಣಿಕೆಯಲ್ಲಿ 1900ರ ಜನವರಿ ಒಂದು ಮೊದಲನೆಯ ದಿನ. ಆದರೆ 1900ರಲ್ಲಿ ಇಲ್ಲದ ಫೆಬ್ರುವರಿ ಇಪ್ಪತ್ತೊಂಬತ್ತನ್ನು ಅದು ಇದೆಯೆಂದು ನಂಬಿ ಒಂದು ದಿನ ಹೆಚ್ಚು ಎಣಿಸುತ್ತದೆ. ಆ ತಪ್ಪನ್ನು ಸರಿದೂಗಿಸಲು ನಾವು ಮೂಲದಿನವನ್ನು 1899ರ ಡಿಸೆಂಬರ್ ಮೂವತ್ತು ಎಂದು ಕೊಡುತ್ತೇವೆ. ಇದು ಗೊತ್ತಿಲ್ಲದವರು ಒಂದು ದಿನ ಜಾರುತ್ತಾರೆ. ನನಗೆ ಗೊತ್ತಿತ್ತು. ಒಂದೇ ಸಾಲಿನ ಆಜ್ಞೆ ಬರೆದೆ, ಸಂಖ್ಯೆಗಳೆಲ್ಲ ದಿನಾಂಕಗಳಾದವು. ಎಲ್ಲೂ ಖಾಲಿಯಿಲ್ಲ, ಎಲ್ಲೂ ಎಚ್ಚರಿಕೆಯ ಕೆಂಪಕ್ಷರವಿಲ್ಲ.

ಎರಡು ವಿಷಯ ಕಣ್ಣಿಗೆ ಬಿದ್ದಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಮೊದಲನೆಯದು, ಅನೇಕರು ತಿಂಗಳ ಕೊನೆಯ ದಿನ ಸೇರಿದ್ದರು. ಮೂವತ್ತು, ಮೂವತ್ತೊಂದು, ಫೆಬ್ರುವರಿಯಾದರೆ ಇಪ್ಪತ್ತೆಂಟು. ನಮ್ಮ ಯೋಜನೆಯ ಮುಖ್ಯಸ್ಥರು ಎದೆರೋಗದ ವೈದ್ಯರು, ಇಗತಪುರಿಯ ರೈಲ್ವೆ ನೌಕರರ ಮನೆತನದವರು, ಮಿತಭಾಷಿ. ಮೊದಲ ಪಟ್ಟಿ ನೋಡುತ್ತ ಅವರು ಮರಾಠಿಯಲ್ಲಿ ಕೇಳಿದರು, "ಮೇಡಂ, ತಿಂಗಳ ಕೊನೆಯ ದಿನ ಯಾರಾದರೂ ಕೆಲಸಕ್ಕೆ ಸೇರುತ್ತಾರೆಯೇ?"

"ಗುತ್ತಿಗೆದಾರರು ತಿಂಗಳ ಕೊನೆಗೆ ಹೆಸರು ಬರೆಸುತ್ತಾರೆ ಸರ್" ಎಂದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ಅವರು ತಲೆಯಾಡಿಸಿದರು.

ಎರಡನೆಯದು, ನಾವೇ ಕೇಳಿ ಬರೆದ ವಯಸ್ಸಿನ ಜೊತೆ ಹೊಂದಿಸಿದರೆ ಕೆಲವರು ಹದಿನೈದು, ಹದಿನಾರಕ್ಕೇ ಸೇರಿದಂತೆ ಬರುತ್ತಿತ್ತು. ವಯಸ್ಸು ಹೇಳುವಾಗ ಜನ ಕಡಿಮೆ ಹೇಳಿರಬೇಕು ಎಂದುಕೊಂಡೆ. ಜನರ ಮಾತಿನ ಮೇಲೆ ಅನುಮಾನ ಬಂತು, ನನ್ನ ಸಂಖ್ಯೆಯ ಮೇಲೆ ಬರಲಿಲ್ಲ.

ಸಾತಪುರದಲ್ಲಿ ಧೂಳು ಹೀರುವ ಯಂತ್ರಗಳು ಚೆನ್ನಾಗಿದ್ದವು, ಅಲ್ಲಿ ಕಲೆ ಕಂಡವರು ಇಬ್ಬರೋ ಮೂವರೋ, ಅವರೂ ಹಳಬರು. ಹೆಚ್ಚಿನವರೆಲ್ಲ ಸಂಭಾಜಿನಗರದವರು. ಲೆಕ್ಕ ಹೇಳಿದ್ದು ಇಷ್ಟು: ಎಂಟು ವರ್ಷ ತುಂಬುವವರೆಗೆ ಒಬ್ಬರ ಎದೆಯಲ್ಲೂ ಕಲೆಯಿಲ್ಲ. ಏಪ್ರಿಲ್ ತಿಂಗಳಲ್ಲಿ ಎರಡೂ ಘಟಕಗಳಿಗೆ ಮಧ್ಯಂತರ ಸಲಹಾಪತ್ರ ಹೋಯಿತು. ಫೆಟ್ಲಿಂಗಿನಲ್ಲಿ ಎಂಟು ವರ್ಷ ಮುಗಿಸಿದವರಿಗೆ ಮೊದಲ ಎಕ್ಸ್‌ರೇ, ಆಮೇಲೆ ವರ್ಷಕ್ಕೊಮ್ಮೆ. ಕಂಪನಿಯವರು ಇಷ್ಟು ಬೇಗ ಯಾವ ಸರ್ಕಾರಿ ಪತ್ರವನ್ನೂ ಒಪ್ಪಿಕೊಂಡಿರಲಿಲ್ಲ. ಎಂಟು ವರ್ಷ ನಿಲ್ಲುವವರೇ ಕಡಿಮೆ.

ಮೇ ಹನ್ನೆರಡರಂದು ಗುಮಾಸ್ತರ ಫೋನು ಬಂತು. ದಿನ ನೆನಪಿರುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

"ಅಕ್ಕಾರ, ಒಂದ್ ಕೇಳ್ಲೇನ್ರಿ? ನಮ್ಮ ತಂಗಿ ಗಂಡಗ ಎರಡ್ ತಿಂಗಳಿಂದ ಕೆಮ್ಮು ಹತ್ಯಾದ. ಮೆಟ್ಲ ಹತ್ತಿದ್ರ ದಮ್ಮು ಬರ್ತದ. ನೀವು ಮದ್ಲ ಬಾರಿ ಎಕ್ಸ್‌ರೇ ತೆಗಿಸ್ದಾಗ ಅಂವ ಊರಿಗಿ ಹೋಗಿದ್ದ. ಈಗ ಪಟ್ಟಿ ಮಾಡ್ಲತೀನಿ, ಅಂವಂದು ಇನ್ನಾ ಆರೇ ವರ್ಷ. ನಿಮ್ಮ ಪತ್ರದಾಗ ಎಂಟಂತದ. ನೀವ್ ಒಂದ್ ಮಾತ್ ಬರಕೊಟ್ರ ಅವನ ಹೆಸರೂ ಸೇರಸ್ತಿದ್ದೆ."

ಆ ದಿನ ನನ್ನ ಮೇಜಿನ ಮೇಲೆ ಬೇರೆ ವರದಿಯಿತ್ತು. ಆದರೂ ಹೇಳಿದ್ದನ್ನು ಆತುರದಲ್ಲಿ ಹೇಳಿದೆ ಎನ್ನಲಾರೆ. ತಿಳಿದೇ ಹೇಳಿದೆ.

"ನೋಡ್ರಿ, ಒಬ್ಬರಿಗಿ ಬಿಟ್ರ ನಾಳಿ ಹತ್ತು ಮಂದಿ ಬರ್ತಾರ. ಆರು ವರ್ಷಕ್ಕ ಯಾರಿಗೂ ಕಲಿ ಬಂದಿಲ್ಲ, ನಮ್ಮ ಲೆಕ್ಕದಾಗ ಖಾತ್ರಿ ಅದ. ಬೇಸಗಿ ಧೂಳಿಗಿ ಕೆಮ್ಮು ಬಂದಿರ್ತದ. ಹೆದರಬ್ಯಾಡ್ರಿ."

"ನೀವ್ ಹೇಳಿದ ಮ್ಯಾಲ ಮುಗೀತ್ರಿ ಅಕ್ಕಾರ" ಎಂದರು. ಅವರ ದನಿ ಹಗುರಾಗಿತ್ತು. ನಾನು ಹೇಳಿದ್ದನ್ನು ಅವರು ಮನೆಗೆ ಹೋಗಿ ಹಾಗೆಯೇ ಹೇಳಿದರಂತೆ, ಕೆಮ್ಮಿನ ಔಷಧಿ ತಂದುಕೊಟ್ಟರಂತೆ.

ಆ ಫೋನಿನ ಹೊತ್ತಿಗೆ ನಾನು ಕಡತ ತೆರೆದು ಅವನ ಒಂದು ಸಾಲು ನೋಡಿದ್ದರೆ ಸಾಕಿತ್ತು. ಎಕ್ಸ್‌ರೇ ಆಗದಿದ್ದರೂ ಅವನ ಹೆಸರು ಅಲ್ಲಿತ್ತು. ಗುಮಾಸ್ತರು ಹೇಳುವ ಆರು ವರ್ಷದ ಎದುರಿಗೆ ನನ್ನ ಕಡತ ಹತ್ತು ವರ್ಷ ಎಂದು ಹೇಳುತ್ತಿತ್ತು. ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ.

ಡಿಸೆಂಬರಿನಲ್ಲಿ ಎರಡನೆಯ ಸುತ್ತಿಗೆಂದು ಬಸ್ಸು ಹತ್ತಿದೆ. ಕೈಯಲ್ಲಿ ಸಂಭಾಜಿನಗರದ ಘಟಕದ ಮುದ್ರಿತ ಪಟ್ಟಿ: ಹೆಸರು, ಸೇರಿದ ದಿನಾಂಕ, ಮುಂದೆ ಖಾಲಿ ಅಂಕಣ. ಕಾಯಿಲೆ ರಜೆಯಲ್ಲಿರುವವರನ್ನು ಮನೆಗೇ ಹೋಗಿ ಮಾತಾಡಿಸಬೇಕು ಎಂಬುದು ಈ ಸುತ್ತಿನ ನಿಯಮ. ಅಂಥವರು ಐದು ಜನ. ಐದನೆಯ ಹೆಸರು ಗುಮಾಸ್ತರ ತಂಗಿಯ ಗಂಡನದು.

ಶುಕ್ರವಾರ ಸಂಜೆ ನಾಲ್ಕಕ್ಕೆ ಗುಮಾಸ್ತರೇ ಕರೆದುಕೊಂಡು ಹೋದರು. ಸಾಲು ಬಾಡಿಗೆ ಕೋಣೆಗಳ ಚಾಳು, ಅದರ ಎರಡನೆಯ ಮಹಡಿಯ ಕೋಣೆ. ಗಂಡ ಗೋಡೆಗೆ ದಿಂಬು ಆನಿಸಿಕೊಂಡು ಕೂತಿದ್ದ. ಮೂವತ್ತೆರಡರ ಪ್ರಾಯ. ಎದ್ದು ನಮಸ್ಕಾರ ಮಾಡಿ ಮತ್ತೆ ಕೂತ, ಅಷ್ಟಕ್ಕೇ ಅವನ ಭುಜಗಳು ಮೇಲೆ ಕೆಳಗೆ ಆಡತೊಡಗಿದವು. ಮಾತಾಡಲು ಉಸಿರು ಬರುವವರೆಗೆ ನಾನು, ಗುಮಾಸ್ತರು, ಅವರ ತಂಗಿ ಮೂವರೂ ನೆಲ ನೋಡುತ್ತ ಕಾದೆವು. ಅದು ಬೇಸಗೆಯ ಕೆಮ್ಮಾಗಿರಲಿಲ್ಲ. ನಾನು ವೈದ್ಯಳಲ್ಲ, ಆದರೂ ಬಾಗಿಲಲ್ಲೇ ತಿಳಿಯಿತು.

ತಂಗಿ ಸ್ಟೀಲಿನ ತಂಬಿಗೆಯಲ್ಲಿ ನೀರು ತಂದಳು. "ಮದ್ಲ ನೀರ್ ಕುಡೀರಿ ಅಕ್ಕಾರ. ಮ್ಯಾಲ್ ಹತ್ತಿ ಬಂದೀರಿ."

ಕುಡಿದು ಕೆಳಗಿಡುವಾಗ ತಂಬಿಗೆಯ ಕುತ್ತಿಗೆಯ ಸುತ್ತ ಕೊರೆದ ಕನ್ನಡ ಅಕ್ಷರಗಳು ಕಂಡವು. ಈ ಊರಿನಲ್ಲಿ ಕನ್ನಡ ಅಕ್ಷರ ಕಂಡರೆ ಕಣ್ಣು ತಾನಾಗಿ ಓದುತ್ತದೆ. ಗಂಡನ ಹೆಸರು, ಹೆಂಡತಿಯ ಹೆಸರು, ಲಗ್ನದ ತಾರೀಖು, ಅಣ್ಣನ ಕಾಣಿಕೆ. ತಿಂಗಳು ನವೆಂಬರ್, ವರ್ಷ 2018.

ನಾನು ಪಟ್ಟಿ ತೆಗೆದು ರೂಢಿಯಂತೆ ಕೇಳಿದೆ, "ಫ್ಯಾಕ್ಟರಿಗಿ ಸೇರಿದ್ದು ಯಾವಾಗ್ರಿ?"

ಅವನಿಗೆ ಉಸಿರು ಉಳಿಸಲು ಅವಳೇ ಹೇಳಿದಳು. "ಲಗ್ನ ಆಗಿ ತಿಂಗಳ ಮ್ಯಾಲ್ರಿ. ಹೊಸ ವರ್ಷದ ಒಂದನೇ ತಾರೀಖಿಗಿ. ನಮ್ಮಣ್ಣ ಹೇಳಿದ್ದ, ಇಲ್ಲಿ ಹೊಸಬರಿಗಿ ಒಂದನೇ ತಾರೀಖಿಗೇ ತಗೋತಾರಂತ. ಅದಕ್ಕ ನಾವು ಅವರ ಮನ್ಯಾಗ ಸಂಕ್ರಮಣಕ್ಕೂ ನಿಲ್ಲದಂಗ ಬಂದ್ವಿ."

ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು 2014ರ ಡಿಸೆಂಬರ್ ಮೂವತ್ತೊಂದು.

ಅವಳಿಗೆ ಮರೆವಾಗಿರಬೇಕು ಎಂದು ಮೊದಲು ಅನ್ನಿಸಿತು. ಅಷ್ಟು ಆದ ಮೇಲೂ ನನಗೆ ಅನ್ನಿಸಿದ್ದು ಅದೇ. ಆದರೆ ತಂಬಿಗೆ ಎದುರಿಗಿತ್ತು, ಮದುವೆಯ ತಾರೀಖು ಯಾವ ಹೆಣ್ಣಿಗೆ ಮರೆಯುತ್ತದೆ. ಹೊಸಬರನ್ನು ಒಂದನೆಯ ತಾರೀಖಿಗೇ ತೆಗೆದುಕೊಳ್ಳುತ್ತಾರೆ ಎಂಬ ಮಾತು ಅದಕ್ಕಿಂತ ಜೋರಾಗಿ ಬಡಿಯಿತು. ಒಂದನೆಯ ತಾರೀಖಿಗೆ ಒಂದು ದಿನ ಹಿಂದೆ ಬಂದರೆ ತಿಂಗಳ ಕೊನೆಯ ದಿನ. ನಾಲ್ಕು ವರ್ಷ ಮತ್ತು ಒಂದು ದಿನ. ಈ ಅಂತರವನ್ನು ಎಲ್ಲೋ ಓದಿದ್ದೆ, ಯಾವುದೋ ಕೈಪಿಡಿಯ ಅಡಿಟಿಪ್ಪಣಿಯಲ್ಲಿ. ಸಾವಿರದ ನಾನೂರ ಅರವತ್ತೆರಡು ದಿನ. ಸ್ಪ್ರೆಡ್‌ಶೀಟುಗಳಲ್ಲಿ ಎರಡು ಜಾತಿಯ ಎಣಿಕೆಯಿದೆ. ಒಂದು 1900ರಿಂದ ಎಣಿಸುತ್ತದೆ. ಹಳೆಯ ಮ್ಯಾಕ್ ಕಂಪ್ಯೂಟರುಗಳಲ್ಲಿ ಹುಟ್ಟಿದ ಕಡತಗಳು 1904ರಿಂದ ಎಣಿಸುತ್ತವೆ.

"ಈ ಸಿಬ್ಬಂದಿ ಪಟ್ಟಿ ಮದ್ಲಿಗಿ ಯಾವ ಕಂಪ್ಯೂಟರ್‌ದಾಗ ಮಾಡಿದ್ರಿ?" ಎಂದು ಗುಮಾಸ್ತರನ್ನು ಕೇಳಿದೆ. ಪ್ರಶ್ನೆ ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು.

"ನಾ ಬರೋ ಮದ್ಲೇ ಇತ್ರಿ. ಡಿಸೈನ್ ಸೆಕ್ಷನ್‌ದಾಗ ಒಂದು ಹಳೇ ಮ್ಯಾಕ್ ಇತ್ತಂತ, ಅದರಾಗ ಮಾಡ್ಯಾರ. ನಾವು ವರ್ಷಾ ಅದನ್ನೇ ಹೊಸ ಹೆಸರು ಕೊಟ್ಟು ಮುಂದ್ ನಡಸ್ಲತೀವಿ. ಯಾಕ್ರಿ?"

ಮರುದಿನ ಬೆಳಿಗ್ಗೆ ಅವರ ಕಚೇರಿಯಲ್ಲಿ ಎರಡು ರಿಜಿಸ್ಟರುಗಳನ್ನು ಮೇಜಿನ ಮೇಲೆ ಇಡಿಸಿದೆ. ಹತ್ತು ಸಾಲು ಎಂದು ಶುರುಮಾಡಿ ನಿಲ್ಲಿಸಲಾಗದೆ ಅರವತ್ತು ನೋಡಿದೆ. ಆ ಎಲ್ಲ ಸಾಲುಗಳೂ ನನ್ನ ಪಟ್ಟಿಯಲ್ಲಿ ನಾಲ್ಕು ವರ್ಷ ಒಂದು ದಿನ ಹಿಂದೆ ಬಿದ್ದಿದ್ದವು. ತಂಗಿಯ ಗಂಡನ ಸಂಖ್ಯೆ 42004. 1899ರಿಂದ ಎಣಿಸಿದರೆ 2014ರ ಕೊನೆಯ ದಿನ, 1904ರಿಂದ ಎಣಿಸಿದರೆ 2019ರ ಮೊದಲ ದಿನ. ಗುಮಾಸ್ತರ ಪರದೆಯ ಮೇಲೆ ದಿನಾಂಕ ಸರಿಯಾಗಿಯೇ ಇತ್ತು, ಯಾಕೆಂದರೆ ಅವರ ಕಡತಕ್ಕೆ ತನ್ನ ಮೂಲದಿನ ನೆನಪಿತ್ತು. ದಿನಾಂಕದ ರೂಪವನ್ನು ಕಿತ್ತು ಬರೀ ಸಂಖ್ಯೆ ಕಳಿಸಿ ಎಂದವಳು ನಾನು. ಎಲ್ಲಿಂದ ಎಣಿಸಿದ್ದು ಎಂದು ಕೇಳದವಳೂ ನಾನೇ.

ಲ್ಯಾಪ್‌ಟಾಪ್ ತೆರೆದು ಆ ಒಂದು ಸಾಲಿನ ಆಜ್ಞೆಯಲ್ಲಿ ಮೂಲದಿನ ಬದಲಿಸಿದೆ. ಲೆಕ್ಕ ಮತ್ತೆ ಓಡಿಸಿದೆ. ಎರಡು ಸೆಕೆಂಡು. ಎಂಟು ವರ್ಷ ಇದ್ದದ್ದು ನಾಲ್ಕಕ್ಕೆ ಬಂದು ನಿಂತಿತು. ನಾಲ್ಕು ವರ್ಷಕ್ಕೇ ಕಲೆ. ಗುಮಾಸ್ತರು ನನ್ನ ಹಿಂದೆ ನಿಂತು ನೋಡುತ್ತಿದ್ದರು. ಅವರಿಗೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ, ಮೇ ತಿಂಗಳ ಫೋನಿನ ಮಾತನ್ನೂ ಸೇರಿಸಿ. ಅವರು ತೆರೆದಿದ್ದ ರಿಜಿಸ್ಟರನ್ನು ಮುಚ್ಚಿದರು. ಆಮೇಲೆ ಹೇಳಿದರು, "ಫೈಲು ನಂದೇ ಅಲ್ರಿ ಅಕ್ಕಾರ."

"ಫೈಲ್ ಸರಿ ಇತ್ರಿ. ನಾ ಓದಿದ್ದು ತಪ್ಪು."

"ಇಬ್ಬರೂ ಅಂವಗ ಹೆದರಬ್ಯಾಡ ಅಂದ್ವಿ" ಎಂದರು.

ಮುಖ್ಯಸ್ಥರಿಗೆ ಅಲ್ಲಿಂದಲೇ ಫೋನು ಮಾಡಿದೆ. ಕೇಳಿಸಿಕೊಂಡರು. ತಿಂಗಳ ಕೊನೆಯ ದಿನದ ಬಗ್ಗೆ ತಾವು ಕೇಳಿದ್ದನ್ನು ಅವರು ನೆನಪಿಸಲಿಲ್ಲ, ನೆನಪಿಸಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಕೊನೆಗೆ ಹೇಳಿದರು, "ಅಂತಿಮ ವರದಿ ಮಾರ್ಚಿನಲ್ಲಿದೆ. ಅದರಲ್ಲಿ ಸರಿಯಾದ ಸಂಖ್ಯೆ ಹಾಕೋಣ. ಹೊಸ ಮಾಹಿತಿಯ ಪ್ರಕಾರ ಎಂದು ಬರೆಯೋಣ. ಈಗ ತಪ್ಪಾಯಿತು ಎಂದು ಬರೆದರೆ ಕಂಪನಿಯವರು ಇಡೀ ಅಧ್ಯಯನವನ್ನೇ ಕಸದ ಬುಟ್ಟಿಗೆ ಹಾಕುತ್ತಾರೆ. ಮುಂದೆ ಗೇಟಿನ ಒಳಗೂ ಬಿಡುವುದಿಲ್ಲ. ಆಗ ಯಾರಿಗೆ ಉಪಯೋಗ?"

ಅವರು ಹೇಳಿದ್ದು ಸುಳ್ಳಲ್ಲ. ಆ ಕಂಪನಿಯನ್ನು ಒಪ್ಪಿಸಲು ಅವರು ಎರಡು ವರ್ಷ ಅಲೆದಿದ್ದರು. ಆದರೆ ಮಾರ್ಚಿಗೆ ಮೂರು ತಿಂಗಳಿತ್ತು. ನನ್ನ ಪರದೆಯ ಮೇಲೆ ನಾಲ್ಕರಿಂದ ಎಂಟು ವರ್ಷದ ನಡುವೆ ಇದ್ದವರ ಹೆಸರುಗಳಿದ್ದವು, ಅವರೆಲ್ಲ ಅಂದು ಬೆಳಗಿನ ಪಾಳಿಯಲ್ಲಿ, ನಾನು ಕೂತ ಗೋಡೆಯ ಆಚೆಗೆ ಮರಳು ಕೆತ್ತುತ್ತಿದ್ದರು. ಉಜ್ಜುವ ಯಂತ್ರದ ಸದ್ದು ಕೇಳುತ್ತಿತ್ತು. ಅದೊಂದು ದೊಡ್ಡ ಧೈರ್ಯದ ತೀರ್ಮಾನ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆ ಸದ್ದು ಕೇಳುತ್ತ ಬೇರೇನೂ ಬರೆಯಲು ಆಗಲಿಲ್ಲ, ಅಷ್ಟೇ. ಎರಡೂ ಘಟಕಗಳಿಗೆ ಪತ್ರ ಬರೆದೆ. ಮೊದಲ ಸಾಲು: ಏಪ್ರಿಲ್ ಪತ್ರದ ಎಂಟು ವರ್ಷ ಎಂಬುದು ದಿನಾಂಕಗಳನ್ನು ಪರಿವರ್ತಿಸುವಾಗ ನಾನು ಮಾಡಿದ ತಪ್ಪಿನಿಂದ ಬಂದದ್ದು, ಸರಿಯಾದದ್ದು ನಾಲ್ಕು ವರ್ಷ. ಎರಡನೆಯ ಸಾಲು: ನಾಲ್ಕು ವರ್ಷ ಮುಗಿಸಿದ ಎಲ್ಲರ ಎಕ್ಸ್‌ರೇ ಕೂಡಲೇ ಆಗಬೇಕು. ಕೆಳಗೆ ನನ್ನ ಹೆಸರು ಮಾತ್ರ. ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ.

ಸೋಮವಾರ, ಡಿಸೆಂಬರ್ ಹದಿನೈದರಂದು, ತಂಗಿಯ ಗಂಡನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಚಿತ್ರವನ್ನು ನಾಸಿಕಕ್ಕೆ ಕಳಿಸಿದೆ. ಅರ್ಧ ಗಂಟೆಗೆ ಮುಖ್ಯಸ್ಥರ ಫೋನು ಬಂತು.

"ಎರಡೂ ಕಡೆ ಮೇಲಿನ ಭಾಗ ಗಟ್ಟಿಯಾಗಿದೆ. ಇದು ಇನ್ನು ಹಿಂದಕ್ಕೆ ಹೋಗುವುದಿಲ್ಲ." ಆಮೇಲೆ ಹೇಳಿದರು, "ತಪ್ಪಾಯಿತು ಎಂಬ ಪತ್ರ ಕಳಿಸಿಬಿಡಿ ಮೇಡಂ. ನನ್ನ ಸಹಿಯನ್ನೂ ಹಾಕಿ."

"ಶನಿವಾರವೇ ಕಳಿಸಿದೆ ಸರ್."

"ಹಾಗಾದರೆ ನನ್ನ ಸಹಿಯೊಂದಿಗೆ ಇನ್ನೊಮ್ಮೆ ಕಳಿಸಿ" ಎಂದು ಫೋನಿಟ್ಟರು.

ಅವರು ಹೆದರಿದ್ದು ನಿಜವಾಯಿತು. ಸಾತಪುರದ ಘಟಕ ಹೊಸ ಪಟ್ಟಿ ಮಾಡಿ ಎಕ್ಸ್‌ರೇ ಶುರುಮಾಡಿತು. ಸಂಭಾಜಿನಗರದ ಆಡಳಿತದಿಂದ ನಯವಾದ ಪತ್ರ ಬಂತು: ನಿಮ್ಮ ಲೆಕ್ಕದ ಮೇಲೆ ನಿಮಗೇ ಭರವಸೆಯಿಲ್ಲದ ಕಾರಣ, ಬೇರೆ ಸಂಸ್ಥೆಯಿಂದ ಪರಿಶೀಲನೆ ಆಗುವವರೆಗೆ ಅಧ್ಯಯನವನ್ನು ತಡೆಹಿಡಿಯಲಾಗಿದೆ. ಆ ಪರಿಶೀಲನೆ ಇನ್ನೂ ಆಗಿಲ್ಲ. ಗುಮಾಸ್ತರು ಅದಕ್ಕೆ ಕಾಯಲಿಲ್ಲ. ನಾಲ್ಕು ವರ್ಷ ದಾಟಿದವರ ಹೆಸರುಗಳನ್ನು ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಓದಿದರು, ವಾರದ ರಜೆಯ ದಿನ ಗುಂಪುಗುಂಪಾಗಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಹೋದವರಲ್ಲಿ ಒಂಬತ್ತು ಜನರ ಎದೆಯಲ್ಲಿ ಕಲೆಯಿತ್ತು. ನಾಲ್ವರು ಬೇರೆ ವಿಭಾಗಕ್ಕೆ ಹೋದರು, ಮಿಕ್ಕವರು ಇನ್ನೂ ಅಲ್ಲೇ ಇದ್ದಾರೆ. ಗುಮಾಸ್ತರನ್ನು ಸಿಬ್ಬಂದಿ ವಿಭಾಗದಿಂದ ಎತ್ತಿ ಉಗ್ರಾಣಕ್ಕೆ ಹಾಕಿದರು. ಅದನ್ನು ಅವರು ನನಗೆ ಹೇಳಲಿಲ್ಲ, ಬೇರೆಯವರಿಂದ ಗೊತ್ತಾಯಿತು.

ನಮ್ಮ ಕಚೇರಿಯಲ್ಲಿ ನನ್ನ ಮೇಲೆ ಒಂದು ವಿಚಾರಣೆ ನಡೆಯಿತು. 'ಹೊಂದಿಸಿ ನೋಡಲಾಗಿದೆ' ಎಂದು ನಾನು ಸಹಿ ಹಾಕಿದ ಹಾಳೆಯನ್ನು ಮೇಜಿನ ಮೇಲೆ ಇಟ್ಟು, ನೋಡಿದ್ದಿರೇ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಎಂದರು. ಗುಮಾಸ್ತರು ನಮ್ಮ ಕಡೆಯವರು, ಅದಕ್ಕೆ ನೋಡಲಿಲ್ಲ ಎಂದೆ. ಬರೆದುಕೊಳ್ಳುತ್ತಿದ್ದ ಅಧಿಕಾರಿ ತಲೆಯೆತ್ತಿ ನೋಡಿ, ಆ ವಾಕ್ಯವನ್ನು ಬರೆದುಕೊಳ್ಳದೆ ಬಿಟ್ಟರು. ಎಚ್ಚರಿಕೆ ಪತ್ರ ಕೊಟ್ಟು ಮುಗಿಸಿದರು. ನನಗೆ ಅಷ್ಟು ಸಾಲದು ಅನ್ನಿಸಿತ್ತು.

ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಆ ಚಾಳಿಗೆ ಹೋದೆ. ಕೆಲಸದ ಮೇಲಲ್ಲ. ಅವನ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು, ಮೂಗಿಗೆ ನಳಿಗೆ. ನನ್ನನ್ನು ನೋಡಿ ಕೈಮುಗಿದ, ನಗಲು ನೋಡಿದ. ಅವನು ಕಣ್ಣು ಮುಚ್ಚಿದ ಮೇಲೆ ತಂಗಿ ನನ್ನನ್ನು ಹೊರಗಿನ ಪಡಸಾಲೆಗೆ ಕರೆದಳು. ಅಣ್ಣ ಅವಳಿಗೆ ಎಲ್ಲ ಹೇಳಿದ್ದರು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ಒಂದ್ ಖರೇ ಹೇಳ್ರಿ ಅಕ್ಕಾರ. ಅಣ್ಣ ಫೋನ್ ಮಾಡ್ದಾಗೇ ಎಕ್ಸ್‌ರೇ ತೆಗೆಸಿದ್ರ ಇಷ್ಟ್ ಆಗ್ತಿದ್ದಿಲ್ಲೇನ್ರಿ?"

ಕಲೆ ಆಗಲೇ ಇದ್ದಿರುತ್ತಿತ್ತು, ಕಾಯಿಲೆ ಹೇಗಿದ್ದರೂ ಬರುತ್ತಿತ್ತು ಎಂದು ಹೇಳಬಹುದಿತ್ತು. ಮುಖ್ಯಸ್ಥರು ಹಾಗೆ ಹೇಳಲು ಅವಕಾಶವಿದೆ ಎಂದೂ ಹೇಳಿದ್ದರು. ಅವಳಿಗೆ ಒಮ್ಮೆ ಹೆದರಬೇಡಿ ಎಂದು ಹೇಳಿಕಳಿಸಿದವಳು ನಾನು.

"ಇಷ್ಟ್ ಆಗ್ತಿದ್ದಿಲ್ಲವ್ವಾ" ಎಂದೆ. "ಅವತ್ತೇ ಧೂಳಿಂದ ಹೊರಗ ಬರ್ತಿದ್ರು. ನನ್ನ ಮಾತಿಗಿ ಎಕ್ಸ್‌ರೇ ಇನ್ನೂರ ಹದಿನೇಳು ದಿನ ಮುಂದ್ ಹೋಯ್ತು."

ಆ ಸಂಖ್ಯೆಯನ್ನು ನಾನು ಎಷ್ಟೋ ಸಲ ತೆಗೆದಿದ್ದೆ. ಮೇ ಹನ್ನೆರಡರಿಂದ ಡಿಸೆಂಬರ್ ಹದಿನೈದು. 1899ರಿಂದ ಎಣಿಸಿದರೂ, 1904ರಿಂದ ಎಣಿಸಿದರೂ ಅದು ಇನ್ನೂರ ಹದಿನೇಳೇ.

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡು ಚಪ್ಪಲಿ ಹುಡುಕುತ್ತಿದ್ದೆ. ಅವಳು ಅದೇ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಹಿಡಿದಳು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಬೆರಳ ಕೆಳಗೆ ತಾರೀಖಿನ ಅಂಕಿಗಳು ತಾಗುತ್ತಿದ್ದವು.